ಒಂದೇ ಹಡಗಿಗೆ ಹದಿನೈದು ಸಾವಿರ ಸೈನಿಕರು: ಸರಿಯಾ, ತಪ್ಪಾ?

ಪರ

ಬ್ರಿಟನ್ನಿನ ಕ್ಯುನಾರ್ಡ್ ಕಂಪನಿಯ ಪ್ರಯಾಣಿಕ ಹಡಗು ಕ್ವೀನ್ ಮೇರಿ 1936ರಲ್ಲಿ ಮೊದಲ ಸಲ ಅಟ್ಲಾಂಟಿಕ್ ದಾಟಿದಾಗ ಅದರಲ್ಲಿ ಸುಮಾರು 2,000 ಪ್ರಯಾಣಿಕರಿಗಷ್ಟೇ ಜಾಗ. ಎರಡನೇ ಮಹಾಯುದ್ಧ ಬಂತು, ಮೈಗೆ ಬೂದು ಬಣ್ಣ ಬಳಿದರು. ಸಿಡ್ನಿಯಲ್ಲಿ ಕಾರ್ಪೆಟ್ಟು, ಪಿಂಗಾಣಿ ಎಲ್ಲ ಇಳಿಸಿ ಮಂಚ ತುಂಬಿದರು. ಖಾಲಿ ಮಾಡಿದ ಈಜುಕೊಳದಲ್ಲೂ ಮಂಚಗಳೇ, ಒಂದರ ಮೇಲೊಂದು. 1943ರ ಜುಲೈನಲ್ಲಿ ನ್ಯೂಯಾರ್ಕ್‌ನಿಂದ ಹೊರಟಾಗ ಸೈನಿಕರು, ಸಿಬ್ಬಂದಿ ಸೇರಿ 16,683 ಜನ!

ಹುಚ್ಚಾಟ ಅನ್ನಿಸುತ್ತೆ, ಅಲ್ವಾ? ಆದರೆ ಜರ್ಮನ್ ಸಬ್‌ಮರೀನ್ ನೀರಿನ ಮೇಲೆ ಬಂದರೂ 17 ನಾಟ್ (ಗಂಟೆಗೆ ಸುಮಾರು 31 ಕಿ.ಮೀ.) ವೇಗ, ಒಳಗೆ ಅದರ ಅರ್ಧವೂ ಇಲ್ಲ. ಈ ಹಡಗಿನದು 28ಕ್ಕೂ ಜಾಸ್ತಿ, ಅದೂ ಅಂಕುಡೊಂಕಾಗಿ ಓಡುತ್ತಾ. ಬೆನ್ನಟ್ಟುವ ಮಾತೇ ಇಲ್ಲ, ದಾರಿಗೆ ಅಡ್ಡ ಕಾದು ಕೂತಿದ್ದರೆ ಮಾತ್ರ ಒಂದು ಅವಕಾಶ. ಇಷ್ಟೇ ಜನರನ್ನು ನಿಧಾನದ ಹತ್ತಾರು ಹಡಗುಗಳಲ್ಲಿ ಕಳಿಸಿದ್ದರೆ ಐದಾರು ದಿನದ ದಾರಿಗೆ ಎರಡು ವಾರ ಹಿಡಿಯುತ್ತಿತ್ತು, ಆ ಎರಡು ವಾರವೂ ಶತ್ರುವಿನ ಬಾಯಲ್ಲೇ. 1943ರ ಮೇ ತಿಂಗಳಲ್ಲಿ ಚರ್ಚಿಲ್ ಅಮೆರಿಕಕ್ಕೆ ಹೋಗಿದ್ದೂ ಇದೇ ಹಡಗಿನಲ್ಲಿ. ನಂಬಿಕೆ ಇಲ್ಲದಿದ್ದರೆ ಪ್ರಧಾನಿಯನ್ನು ಹತ್ತಿಸುತ್ತಿದ್ದರಾ? ಯುದ್ಧ ಮುಗಿಯುವವರೆಗೂ ಇದಕ್ಕೆ ಒಂದೇ ಒಂದು ಟಾರ್ಪಿಡೊ ತಗಲಲಿಲ್ಲ.

ವಿರೋಧ

ತಗಲಲಿಲ್ಲ, ಸರಿ. ಹೆಲ್ಮೆಟ್ ಇಲ್ಲದೆ ನಾಲ್ಕು ವರ್ಷ ಬೈಕ್ ಓಡಿಸಿದವನೂ ಇದನ್ನೇ ಹೇಳುತ್ತಾನೆ. ಲೈಫ್‌ಬೋಟ್‌ಗಳು ಅಷ್ಟು ಜನಕ್ಕೆ ಸಾಲುತ್ತಲೇ ಇರಲಿಲ್ಲ. ಇದೇ ಕ್ಯುನಾರ್ಡ್ ಕಂಪನಿಯ ಲ್ಯಾಂಕಾಸ್ಟ್ರಿಯಾ ಹಡಗಿನಲ್ಲೂ ಸೈನಿಕರನ್ನು ಹೀಗೇ ತುಂಬಿದ್ದರು. 1940ರ ಜೂನ್‌ನಲ್ಲಿ ಫ್ರಾನ್ಸ್ ತೀರದಲ್ಲಿ ಬಾಂಬ್ ಬಿದ್ದು ಅದು ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಳುಗಿತು, ಸತ್ತವರು ಸಾವಿರಾರು. ನಿಂತಿದ್ದ ಹಡಗು ಅದು, ಇದು ಓಡುವ ಹಡಗು ಅನ್ನಬಹುದು. ಆದರೆ ಸಮುದ್ರಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ: 1942ರ ಡಿಸೆಂಬರ್‌ನಲ್ಲಿ ಒಂದೇ ಒಂದು ದೈತ್ಯ ಅಲೆಗೆ ಕ್ವೀನ್ ಮೇರಿ ಮಗುಚುವಷ್ಟು ವಾಲಿತ್ತು.

ಇನ್ನು ಆ ವೇಗದ ಕಥೆ. 1942ರ ಅಕ್ಟೋಬರ್ 2, ಐರ್ಲೆಂಡ್‌ನ ಉತ್ತರಕ್ಕೆ, ಹಾಡುಹಗಲು. ಹಡಗಿನಲ್ಲಿ 10,000ಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು. ಕಾವಲಿಗೆ ಬಂದಿದ್ದು ಕುರಸೋವಾ ಅನ್ನುವ ಬ್ರಿಟಿಷ್ ನೌಕಾಪಡೆಯ ಹಳೇ ಯುದ್ಧನೌಕೆ. ಅಂಕುಡೊಂಕು ಓಟದಲ್ಲಿ ಇಬ್ಬರೂ 'ಅವರೇ ದಾರಿ ಬಿಡ್ತಾರೆ' ಅಂದುಕೊಂಡರು. 81,000 ಟನ್ನಿನ ಕ್ವೀನ್ ಮೇರಿ ಅದನ್ನು ನಡುವೆಯೇ ಸೀಳಿಕೊಂಡು ಹೋಯಿತು. ಕೆಳಗಿನ ಡೆಕ್‌ಗಳಲ್ಲಿದ್ದ ಎಷ್ಟೋ ಜನಕ್ಕೆ ಅನುಭವಕ್ಕೆ ಬಂದಿದ್ದು ಒಂದು ಸಣ್ಣ ಕುಲುಕು ಅಷ್ಟೇ. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಹಡಗು ನಿಲ್ಲಲಿಲ್ಲ, ಯಾವ ಕಾರಣಕ್ಕೂ ನಿಲ್ಲಬಾರದೆಂದು ಆದೇಶವೇ ಇತ್ತು. 330ಕ್ಕೂ ಜಾಸ್ತಿ ನಾವಿಕರು ಸತ್ತರು.

ಆ ಗಳಿಗೆಯಲ್ಲಿ ನಿಲ್ಲದೆ ಹೋದ ಕ್ಯಾಪ್ಟನ್‌ನನ್ನು ನಾನು ಬೈಯಲಾರೆ. ನಿಂತಿದ್ದರೆ ಹತ್ತು ಸಾವಿರ ಜನ ಸುಲಭದ ಗುರಿ. ಆದರೆ ಅವನನ್ನು ಆ ಇಕ್ಕಟ್ಟಿಗೆ ತಳ್ಳಿದ್ದೇ ಒಂದು ಹಡಗಿಗೆ ಒಂದು ಊರನ್ನೇ ತುಂಬಿದ ಈ ಲೆಕ್ಕಾಚಾರ. ಮೂರು ಸಾವಿರ ಜನ ಇದ್ದಿದ್ದರೆ ಆದೇಶ ಬೇರೆ ಇರುತ್ತಿತ್ತೋ ಏನೋ. ಸುದ್ದಿಯನ್ನು ಯುದ್ಧ ಮುಗಿಯುವವರೆಗೂ ಹೊರಗೆ ಬಿಡಲಿಲ್ಲ. ಡಿಕ್ಕಿಯ ಕೇಸು 1949ರವರೆಗೆ ನಡೆಯಿತು, ಮೂರರಲ್ಲಿ ಎರಡು ಪಾಲು ತಪ್ಪು ನೌಕಾಪಡೆಯದು, ಒಂದು ಪಾಲು ಕ್ವೀನ್ ಮೇರಿಯದು ಅಂತ ತೀರ್ಪಾಯಿತು. ಅಷ್ಟರಲ್ಲಿ ಹಡಗಿಗೆ ಹಳೇ ಬಣ್ಣ ಬಳಿದು, ಕಾರ್ಪೆಟ್ ಹಾಸಿ, ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಒಂದು ವರ್ಷಕ್ಕೂ ಜಾಸ್ತಿಯಾಗಿತ್ತು.