ಅಡುಗೆ ಕಟ್ಟೆಯ ಕಲ್ಲು ಕೊಯ್ಯುವ ಹುಡುಗ

ಮೆಲ್ಬರ್ನ್‌ನ ನಮ್ಮ ಮನೆಗೆ ಅಡುಗೆ ಕಟ್ಟೆಯ ಗ್ರಾನೈಟ್ ಕೂರಿಸಲು ಬಂದವನನ್ನು ನಾನು ಕೇಳಿದ್ದು ಒಂದೇ ಒಂದು ತೂತು. ವೆಟ್ ಗ್ರೈಂಡರ್ ವೈರನ್ನು ಹಿಂದುಗಡೆಯಿಂದ ಕೆಳಗೆ ಇಳಿಸೋಕೆ. ಅವನು ತಲೆ ಅಲ್ಲಾಡಿಸಿಬಿಟ್ಟ. ಮನೆಯೊಳಗೆ ಕಲ್ಲಿಗೆ ಮಷೀನ್ ಹಚ್ಚಲ್ಲ, ಬೇಕಿದ್ದರೆ ಕಲ್ಲನ್ನು ವಾಪಸ್ ತೆಗೆದುಕೊಂಡು ಹೋಗಿ ಮುಂದಿನ ವಾರ ತೂತು ಹಾಕಿ ತರುತ್ತೇನೆ ಅಂದ. ಅದಕ್ಕೆ ಬೇರೆ ಚಾರ್ಜು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರಲ್ಲಾಗಿದ್ದರೆ ಮೇಸ್ತ್ರಿ "ಅದಕ್ಕೇನಂತೆ ಸಾರ್" ಅಂತ ಟೀ ಲೋಟ ಕೆಳಗಿಟ್ಟು ಕೆಲಸ ಮುಗಿಸಿರುತ್ತಿದ್ದ.

ಅದೇ ಸಮಯಕ್ಕೆ ಮೈಸೂರಿನಲ್ಲಿ ಅಣ್ಣ ಮಹಡಿ ಮೇಲೆ ಹೊಸ ಅಡುಗೆಮನೆ ಕಟ್ಟಿಸುತ್ತಿದ್ದ. ನನ್ನ ಗೋಳು ಹೇಳಿಕೊಳ್ಳೋಣ ಅಂತ ವಿಡಿಯೋ ಕಾಲ್ ಮಾಡಿದೆ. ಮಾತೇ ಕೇಳಿಸಲಿಲ್ಲ. ಹಾಲ್ ಮಧ್ಯದಲ್ಲೇ ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತು ಕಟಿಂಗ್ ಮಷೀನ್‌ನಲ್ಲಿ ಸ್ಲ್ಯಾಬ್ ಕೊಯ್ಯುತ್ತಿದ್ದ. ಗಿರಣಿಯೊಳಗೆ ಹಿಟ್ಟು ಹಾರುವ ಹಾಗೆ ಬಿಳಿ ಧೂಳು. ಅತ್ತಿಗೆ ದೇವರ ಮನೆ ಬಾಗಿಲಿಗೆ ಹಳೇ ಸೀರೆ ಕಟ್ಟಿದ್ದರು. ಫ್ರಿಜ್ಜಿಗೆ ಒಂದು ಬೆಡ್‌ಶೀಟು, ಟಿವಿಗೆ ಇನ್ನೊಂದು. ಹುಡುಗನ ಮೂಗಿಗೆ ಇದ್ದದ್ದು ಒಂದು ಟವೆಲ್, ಅದೂ ಜಾರಿ ಕುತ್ತಿಗೆಗೆ ಬಂದಿತ್ತು. ರೆಪ್ಪೆಗೂದಲು ಪೂರ್ತಿ ಬೆಳ್ಳಗಾಗಿತ್ತು. ವಯಸ್ಸು ಇಪ್ಪತ್ತು ದಾಟಿರಲಿಕ್ಕಿಲ್ಲ.

ಅಲ್ಲಿಗೆ ತೂತಿನ ಸಿಟ್ಟು ಇಳಿಯಿತು.

ಇಲ್ಲಿಯವರು ಹುಟ್ಟಾ ಶಿಸ್ತಿನವರು ಅಂತ ನಾನು ಹೇಳಲು ಹೊರಟಿಲ್ಲ. ಪೆಟ್ಟು ತಿಂದು ಕಲಿತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಸುಮಾರು ವರ್ಷ ಎಲ್ಲರ ಮನೆಗೂ ಎಂಜಿನಿಯರ್ಡ್ ಸ್ಟೋನ್ ಬೇಕಿತ್ತು. ಸ್ಫಟಿಕದ ಪುಡಿಗೆ ರೆಸಿನ್ ಅನ್ನುವ ಅಂಟು ಸೇರಿಸಿ ಒತ್ತಿ ಮಾಡುವ ಹಲಗೆ ಅದು, ನಮ್ಮ ಕಡೆ ಅಂಗಡಿಯಲ್ಲಿ 'ಕ್ವಾರ್ಟ್ಜ್' ಅನ್ನುತ್ತಾರಲ್ಲ, ಅದೇ. ಅದರಲ್ಲಿ ಶೇಕಡಾ 90ಕ್ಕೂ ಮೇಲೆ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಇರುವುದುಂಟು. ನೀರು ಹಾಕದೆ ಒಣದಾಗಿ ಕೊಯ್ದು ಕೊಯ್ದು, ಆ ಧೂಳು ಕುಡಿದು ಸಣ್ಣ ವಯಸ್ಸಿನ ಕೆಲಸಗಾರರಿಗೆ ಸಿಲಿಕೋಸಿಸ್ ಹಿಡಿಯಿತು. ಶ್ವಾಸಕೋಶ ಒಳಗೊಳಗೇ ಗಾಯವಾಗಿ ಗಡುಸಾಗುವ ಕಾಯಿಲೆ, ವಾಸಿ ಮಾಡುವ ಮದ್ದಿಲ್ಲ. 2024ರ ಜುಲೈ 1ರಿಂದ ಆ ಹಲಗೆಯನ್ನೇ ದೇಶದಲ್ಲಿ ನಿಷೇಧ ಮಾಡಿದರು. ಅದೇ ಸೆಪ್ಟೆಂಬರ್‌ನಿಂದ ಸಿಲಿಕಾ ಇರುವ ಬೇರೆ ಕಲ್ಲುಗಳಿಗೂ ನಿಯಮ ಬಿಗಿಯಾಯಿತು. ನೀರು ಹಾಯಿಸದೆ, ಧೂಳು ಎಳೆಯುವ ವ್ಯವಸ್ಥೆ ಇಲ್ಲದೆ ಸುಮ್ನೆ ಕೊಯ್ಯುವ ಹಾಗಿಲ್ಲ. ಗ್ರಾನೈಟ್‌ನಲ್ಲಿ ಸಿಲಿಕಾ ಕಮ್ಮಿ, ಸಾಮಾನ್ಯವಾಗಿ ಅರ್ಧಕ್ಕಿಂತ ಒಳಗೆ. ಕಮ್ಮಿ ಅಂದರೆ ಇಲ್ಲ ಅಂತಲ್ಲವಲ್ಲ.

ಇಲ್ಲಿ ನಿಷೇಧವಾದ ಆ ಮಾಲು ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಶೋಕಿ. ಗ್ರಾನೈಟ್ ಹಳೇ ಕಾಲದ್ದಾಯಿತು ಅನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಜಿಗಣಿಯಲ್ಲಿ ಸಾಲಾಗಿ ಗ್ರಾನೈಟ್ ಫ್ಯಾಕ್ಟರಿಗಳು, ಇಳಕಲ್ಲಿನ ಕೆಂಪು, ಕನಕಪುರದ ಬಣ್ಣಬಣ್ಣದ್ದು, ಚಾಮರಾಜನಗರದ ಕರಿ ಕಲ್ಲು. ಇಷ್ಟೆಲ್ಲ ಇಟ್ಟುಕೊಂಡು ಕಲ್ಲಿನ ಪುಡಿಗೆ ಅಂಟು ಹಾಕಿದ ಹಲಗೆಗೆ ಜಾಸ್ತಿ ದುಡ್ಡು ಕೊಡುತ್ತೇವೆ.

ನಾನು ಆರಿಸಿದ್ದು ಕರಿ ಕಲ್ಲನ್ನೇ. ಭಾರತದ್ದು ಅಂತ ಚೀಟಿಯಲ್ಲಿತ್ತು, ಯಾವ ಊರಿನದು ಅಂತ ಅಂಗಡಿಯವನಿಗೆ ಗೊತ್ತಿರಲಿಲ್ಲ. ಚಾಮರಾಜನಗರದ್ದು ಅಂತ ನಾನೇ ಅಂದುಕೊಂಡೆ, ಕೇಳುವವರಾರು? ಭೂವಿಜ್ಞಾನದ ಲೆಕ್ಕದಲ್ಲಿ ಆ ಊರಿನ ಕರಿ ಕಲ್ಲು ಗ್ರಾನೈಟೇ ಅಲ್ಲ, ಡಾಲರೈಟ್ ಅನ್ನುವ ಬೇರೆ ಜಾತಿಯ ಕಲ್ಲು. ಒತ್ತಾದ ಕಲ್ಲು, ಎಣ್ಣೆ, ಹುಣಸೆ ಹುಳಿ, ಅರಿಶಿನ ಯಾವುದನ್ನೂ ಸುಲಭಕ್ಕೆ ಹೀರುವುದಿಲ್ಲ. ಆದರೆ ಬೂದು ಕಲ್ಲಿಗೆ ಬಣ್ಣ ತಿಕ್ಕಿ ಕರಿ ಕಲ್ಲು ಅಂತ ಮಾರುವವರೂ ಇದ್ದಾರೆ. ಬಿಳಿ ಬಟ್ಟೆಗೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದರೆ ಬಣ್ಣ ಬಟ್ಟೆಗೆ ಬರುತ್ತದೆ. ತಿಳಿ ಬಣ್ಣದ ಕಲ್ಲಾದರೆ ಒಂದು ಹನಿ ನೀರು, ಒಂದು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಬೇಕು. ಒರೆಸಿದ ಮೇಲೂ ಕಲೆ ಉಳಿದರೆ ಆ ಕಲ್ಲಿಗೆ ಕಲೆ ಹೀರದಂತೆ ತಡೆಯುವ ಸೀಲರ್ ಬೇಕೇ ಬೇಕು. ಇಲ್ಲಿ ಅಂಗಡಿಯವನೇ ತುಂಡು ಕೊಟ್ಟು, ಮನೆಗೆ ಒಯ್ದು ಏನು ಬೇಕಾದರೂ ಚೆಲ್ಲಿ ನೋಡು ಅಂದ. ನಮ್ಮಲ್ಲಿ ಸ್ಕ್ವೇರ್ ಫೂಟಿಗೆ ಎಷ್ಟು, ಎಷ್ಟು ಕಮ್ಮಿ ಮಾಡ್ತೀರ, ಇವೆರಡಕ್ಕೇ ಮಾತು ಮುಗಿಯುತ್ತದೆ. ದಪ್ಪ ನೋಡುವವರೂ ಅಪರೂಪ. 20 ಮಿಲಿಮೀಟರ್ ಅಂತ ಬಿಲ್ ಹಾಕಿ 16ರದ್ದು ಇಳಿಸಿ ಹೋದದ್ದನ್ನು ನೋಡಿದ್ದೇನೆ.

ಧೂಳಿನ ವಿಷಯ ಅಣ್ಣನಿಗೆ ಹೇಳಿದೆ. "ಲೋ, ಅವರಿಗೆ ಅಭ್ಯಾಸ ಆಗಿರುತ್ತೆ" ಅಂದ. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಶ್ವಾಸಕೋಶಕ್ಕೆ ಎಂಥ ಅಭ್ಯಾಸ? ನಮ್ಮ ದೇಶದಲ್ಲಿ ಕಾನೂನಿಲ್ಲ ಅಂತಲೂ ಅಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯಾಗಿತ್ತು. ಆದರೆ ಅಣ್ಣನ ಹಾಲ್ ಕಾರ್ಖಾನೆ ಅಲ್ಲವಲ್ಲ. ಇವತ್ತು ಕುವೆಂಪುನಗರ, ನಾಳೆ ವಿಜಯನಗರ ಅಂತ ಮನೆಯಿಂದ ಮನೆಗೆ ತಿರುಗುವ ಹುಡುಗನ ಎಕ್ಸ್‌ರೇ ಯಾರು ತೆಗೆಸುತ್ತಾರೆ? ಕೆಲಸ ಮುಗಿದ ಮೇಲೆ ನಾವು ನೆಲ ತೊಳೆದು, ಹಾಲುಕ್ಕಿಸಿ, ಪಾಯಸ ಮಾಡುತ್ತೇವೆ. ಕಟ್ಟೆಯಿಂದ ನಮಗೇನೂ ಆಗುವುದಿಲ್ಲ. ಆಗುವುದೆಲ್ಲ ಕೊಯ್ದವನಿಗೆ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು, ಇಲ್ಲದಿದ್ದರೆ ನನ್ನ ಹೆಂಡತಿ ಬಿಡುವುದಿಲ್ಲ. ಇಲ್ಲಿ ಕಟ್ಟೆಯ ಎತ್ತರ ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ 900 ಮಿಲಿಮೀಟರ್. ಉದ್ದ ಇರುವವರಿಗೆ ಸರಿ. ಅವಳು ಚಪಾತಿ ಲಟ್ಟಿಸಬೇಕಾದರೆ ಕಾಲ ಕೆಳಗೆ ಮಣೆ ಹಾಕಿಕೊಳ್ಳುತ್ತಾಳೆ. ಮೈಸೂರಿನ ಮೇಸ್ತ್ರಿ ಗೋಡೆ ಕಟ್ಟುವ ಮೊದಲೇ "ಅಮ್ಮಾ, ಬನ್ನಿ ಇಲ್ಲಿ" ಅಂತ ಅತ್ತಿಗೆಯನ್ನು ಕರೆದು ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದನಂತೆ. ಸಿಂಕಿನ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರೂ ಕೊಟ್ಟಿದ್ದಾನೆ, ನೀರು ನಿಲ್ಲುವುದಿಲ್ಲ. ಕೆಳಗೆ ಇಟ್ಟಿಗೆ ಗೋಡೆ, ಅದರ ಮೇಲೆ ಕಡಪ ಕಲ್ಲು, ಅದರ ಮೇಲೆ ಗ್ರಾನೈಟ್. ಕುಟ್ಟಾಣಿಯಲ್ಲಿ ಮೆಣಸು ಎಷ್ಟು ಜೋರಾಗಿ ಕುಟ್ಟಿದರೂ ಅಲುಗಾಡುವುದಿಲ್ಲ. ಇಲ್ಲಿ ನಮ್ಮದು ಮರದ ಕಪಾಟಿನ ಮೇಲೆ ಕೂತ ಕಲ್ಲು. ಸಿಂಕಿನ ಪಕ್ಕ ಭಾರ ಬೀಳಿಸಬೇಡಿ ಅಂತ ಕೂರಿಸಿದವನೇ ಹೇಳಿ ಹೋಗಿದ್ದಾನೆ. ಇನ್ನು ದುಡ್ಡಿನ ಮಾತೇ ಬೇಡ. ನಾನು ಬರೀ ಕಟ್ಟೆಗೆ ಕೊಟ್ಟದ್ದರಲ್ಲಿ ಅಣ್ಣ ಇಡೀ ಅಡುಗೆಮನೆ ಮುಗಿಸಿದ.

ಫ್ಯಾಕ್ಟರಿಯಲ್ಲೇ ಕೊಯ್ಸಿ ತರಬಹುದಿತ್ತಲ್ವಾ ಅಂದಾಗ ಅಣ್ಣ ಹೇಳಿದ್ದಕ್ಕೂ ಎದುರು ಹೇಳುವುದು ಕಷ್ಟ. ನಮ್ಮ ಗೋಡೆಗಳು ಎಲ್ಲಿ ನೆಟ್ಟಗಿರುತ್ತವೆ? ಅಳತೆ ಕೊಟ್ಟು ಕೊಯ್ಸಿ ತಂದರೆ ಒಂದು ಮೂಲೆಯಲ್ಲಿ ಕಲ್ಲು ಕೂರುವುದಿಲ್ಲ, ಇನ್ನೊಂದು ಮೂಲೆಯಲ್ಲಿ ಬೆರಳು ತೂರುತ್ತದೆ. ಮೇಸ್ತ್ರಿ ಇಟ್ಟು, ನೋಡಿ, ತೆಗೆದು, ಒಂದು ಎಳೆ ಕೊಯ್ದು ಮತ್ತೆ ಇಡಬೇಕು.

ಸರಿ, ಮನೆಯಲ್ಲೇ ಕೊಯ್ಯಲಿ. ಹಾಲ್ ಬಿಟ್ಟು ತಾರಸಿಯ ಮೇಲೆ ಕೊಯ್ಯಲಿ. ನೀರು ಹಾಯಿಸಿಕೊಂಡು ಕೊಯ್ಯುವ ಮಷೀನ್ ನಮ್ಮಲ್ಲೂ ಸಿಗುತ್ತದೆ, ಧೂಳು ತಡೆಯುವ ಸರಿಯಾದ ಮಾಸ್ಕೂ ಸಿಗುತ್ತದೆ. ಹಾಗೆ ಮಾಡಿಸಿದರೆ ಸ್ಕ್ವೇರ್ ಫೂಟಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆಗುತ್ತೆ ಕಣೋ ಅಂದ ಅಣ್ಣ. ಕಟ್ಟೆಯ ಅಂಚು ಗುಂಡಗೆ ಮಾಡಿ ಪಾಲಿಶ್ ಹಾಕಿಸಲು ಅವನು ಒಂದೊಂದು ಅಡಿಗೂ ಅದಕ್ಕಿಂತ ಜಾಸ್ತಿ ಕೊಟ್ಟಿದ್ದಾನೆ, ಚೌಕಾಸಿ ಮಾಡದೆ.