ತಂಪು ಇಳಿದ ಮೇಲಿನ ರುಚಿ

ಹುಬ್ಬಳ್ಳಿಯಲ್ಲಿ ಬಿಯರನ್ನು ಅಳೆಯುವ ಮಾನದಂಡ ಒಂದೇ: ಅದು ಎಷ್ಟು ತಂಪಾಗಿದೆ ಎಂಬುದು. ಏಪ್ರಿಲ್ ಬಿಸಿಲಿನಲ್ಲಿ ಬೆಂದು ಬಂದ ಗಿರಾಕಿಯ ಮುಂದೆ ಬೆವರುವ ಬಾಟಲಿಯನ್ನಿಟ್ಟು, "ಮುಟ್ಟಿ ನೋಡ್ರಿ ಸರ್, ಬರ್ಫ್ ಆಗೇತಿ" ಎಂದು ಮಾಣಿ ಹೆಮ್ಮೆಯಿಂದ ಹೇಳುವಾಗ, ಆ ಹೆಮ್ಮೆಯನ್ನು ಅಲ್ಲಗಳೆಯುವ ಧೈರ್ಯ ನನಗೂ ಬರುವುದಿಲ್ಲ. ಆದರೆ ಇದೇ ಅಳತೆಗೋಲನ್ನು ಆಂಬರ್ ಏಲ್ ಎಂಬ ತಾಮ್ರವರ್ಣದ ಬಿಯರಿಗೆ ಹಚ್ಚಿದರೆ ಅದಕ್ಕೆ ಅನ್ಯಾಯವಾಗುತ್ತದೆ. ಏಕೆಂದರೆ ಅದರ ರುಚಿ ತೆರೆದುಕೊಳ್ಳುವುದೇ ತಂಪು ಸ್ವಲ್ಪ ಇಳಿದ ಮೇಲೆ.

ಈ ಬಿಯರಿನ ಜೀವ ಇರುವುದು ಮಾಲ್ಟಿನಲ್ಲಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವುದು ಎಲ್ಲ ಬಿಯರಿಗೂ ಸಾಮಾನ್ಯವಾದ ಕೆಲಸ. ಆಂಬರ್ ಏಲ್‌ಗೆ ಬೇಕಾದ ಕ್ರಿಸ್ಟಲ್ ಮಾಲ್ಟನ್ನು ಮಾತ್ರ ಒಣಗಿಸುವ ಮೊದಲೇ, ಹಸಿಯಾಗಿರುವಾಗಲೇ ಕಾಯಿಸುತ್ತಾರೆ. ಆಗ ಕಾಳಿನೊಳಗಿನ ಪಿಷ್ಟವು ಸಿಪ್ಪೆಯೊಳಗೇ ಸಕ್ಕರೆಯಾಗುತ್ತದೆ. ಮುಂದೆ ಹುರಿಯುವಾಗ ಅದೇ ಸಕ್ಕರೆ ಕಂದುಬಣ್ಣಕ್ಕೆ ತಿರುಗಿ, ಸಕ್ಕರೆಯನ್ನು ಮದ್ಯವಾಗಿಸುವ ಯೀಸ್ಟ್ ಪೂರ್ತಿಯಾಗಿ ತಿಂದು ಮುಗಿಸಲಾರದಂಥ ಒಂದು ಸಿಹಿಯನ್ನು ಉಳಿಸುತ್ತದೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೈನ್ ಬಜಾರಿನ ಪೇಢೆಯ ಕಂದುಬಣ್ಣವೂ ಬಣ್ಣ ಹಾಕಿ ಬಂದದ್ದಲ್ಲ, ಖೋವಾ ಬಾಣಲೆಯಲ್ಲಿ ತಾಳ್ಮೆಯಿಂದ ಹುರಿದು ಬಂದದ್ದು. ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಕಾವಿನಲ್ಲಿ ಕೂಡಿ ಹೀಗೆ ಕೆಂಪಾಗುವುದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಮೆಯಾರ್, ನಮ್ಮ ಪೇಢೆಯ ರುಚಿ ನೋಡದೆ ಹೋದದ್ದು ಅವನ ದುರದೃಷ್ಟವೆಂದೇ ನಾನು ಭಾವಿಸಿದ್ದೇನೆ.

ಅಮೆರಿಕದಲ್ಲಿ ಈ ಬಗೆಯ ಬಿಯರಿಗೆ ಹೆಸರು ತಂದವುಗಳಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ 1991ರಲ್ಲಿ ಆರಂಭವಾದ ನ್ಯೂ ಬೆಲ್ಜಿಯಂ ಕಂಪನಿಯ ಫ್ಯಾಟ್ ಟಾಯರ್ ಒಂದು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜೆಫ್ ಲೆಬೆಶ್ ದಪ್ಪ ಟಾಯರಿನ ಸೈಕಲ್ಲಿನಲ್ಲಿ ಬೆಲ್ಜಿಯಂ ಸುತ್ತಿ, ಅಲ್ಲಿ ಕುಡಿದ ಬಿಯರುಗಳ ರುಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದರು. 2023ರಲ್ಲಿ ಕಂಪನಿಯು ಫ್ಯಾಟ್ ಟಾಯರನ್ನು ಹಗುರಗೊಳಿಸಿ, ಹೊಂಬಣ್ಣಕ್ಕೆ ತಿರುಗಿಸಿತು. ಮಾರಾಟದ ಲೆಕ್ಕ ಅವರಿಗೆ ಗೊತ್ತು. ಹುರಿದ ಕೆಂಪನ್ನು ಬಿಟ್ಟುಕೊಡಲು ನಾನಾದರೆ ಒಪ್ಪುತ್ತಿರಲಿಲ್ಲ.

ಬೆಂಗಳೂರಿನಿಂದ ಬರುವ ಗೆಳೆಯರ ಕೃಪೆಯಿಂದ ಆಂಬರ್ ಏಲ್ ದೊರೆತಾಗ ನಾನು ಅನುಸರಿಸುವ ಕ್ರಮ ಸರಳವಾದದ್ದು. ಫ್ರಿಜ್ಜಿನಿಂದ ತೆಗೆದು ಕಾಲು ತಾಸು ಹೊರಗಿಡುತ್ತೇನೆ. ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ ಉಷ್ಣತೆ. ಇನ್ನೂ ತಣ್ಣಗಿದ್ದರೆ ವಾಸನೆಯ ಕಣಗಳು ಮೇಲೇಳುವುದಿಲ್ಲ, ನಾಲಿಗೆಯೂ ಜಡವಾಗುತ್ತದೆ. ಬಾಟಲಿಯಿಂದಲೇ ಕುಡಿಯದೆ ಗ್ಲಾಸಿಗೆ ಬಗ್ಗಿಸಿ, ನೊರೆ ಕೂರುವವರೆಗೆ ಬೆಳಕಿಗೆ ಹಿಡಿದು ತಾಮ್ರದ ಬಣ್ಣ ನೋಡಿ, ಮೂಸಿ, ಆಮೇಲೆ ಒಂದು ಸಣ್ಣ ಗುಟುಕು. ಮೊದಲು ಬ್ರೆಡ್ಡಿನ ಸುಟ್ಟ ಅಂಚಿನ ರುಚಿ, ಹಿಂದೆಯೇ ಕಾಸಿದ ಸಕ್ಕರೆಯ ಸಿಹಿ. ನುಂಗಿ, ಮೂಗಿನಿಂದ ಉಸಿರು ಬಿಟ್ಟಾಗ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಬಂದು ಆ ಸಿಹಿಯನ್ನು ಹದಕ್ಕೆ ತರುತ್ತದೆ.

ಜೊತೆಗೆ ಏನು ಎಂಬ ವಿಷಯದಲ್ಲಿ ಮಾತ್ರ ನನ್ನ ಗೆಳೆಯರಿಗೂ ನನಗೂ ಒಮ್ಮತವಿಲ್ಲ. ಅವರು ಮಿರ್ಚಿ ಭಜಿ ತರಿಸುತ್ತಾರೆ; ಅದರ ಖಾರದ ಮುಂದೆ ಕಹಿ ಇನ್ನಷ್ಟು ಚುರುಕಾಗಿ, ಮಾಲ್ಟಿನ ಮಾತು ಕೇಳಿಸದಂತಾಗುತ್ತದೆ. ನನ್ನ ಮತವೇನಿದ್ದರೂ ಉಪ್ಪು ಹಚ್ಚಿ ಹುರಿದ ಶೇಂಗಾಕ್ಕೆ, ಅದೂ ಉಳ್ಳಾಗಡ್ಡಿ, ನಿಂಬೆಹಣ್ಣು ಏನೂ ಬೆರೆಸದ ಶೇಂಗಾಕ್ಕೆ.