ಆ ದುಡ್ಡು ಬೇರೆ, ಈ ದುಡ್ಡು ಬೇರೆ

ಟೆಕ್ಸಾಸ್ ಸರ್ಕಾರ 2025ರಲ್ಲಿ ಸ್ಕೂಲ್ ಮಕ್ಕಳ ಮೇಲೆ ಕೃಪೆ ತೋರಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಒಂದು ಮಗುಗೆ ಇಷ್ಟು ಅಂತ ಲೆಕ್ಕ ಹಾಕೋ ಬೇಸಿಕ್ ಅಲಾಟ್‌ಮೆಂಟು 2019ರಿಂದ 6,160 ಡಾಲರ್‌ಗೆ ಗೂಟ ಹೊಡ್ಕೊಂಡು ಕೂತಿತ್ತು, ಅದನ್ನ ಆರು ವರ್ಷ ಜಗ್ಗಾಡಿ, ಕಿತ್ತಾಡಿ, ಕೊನೆಗೂ ಏರಿಸಿದ್ರು. ಎಷ್ಟು? 55 ಡಾಲರ್. ವರ್ಷಕ್ಕೆ ರೀ. ಮೇಷ್ಟ್ರ ಸಂಬಳಕ್ಕೆ ಅಂತ ಬೇರೆ ಖಾತೇಲಿ ಒಂದಷ್ಟು ಕೊಟ್ಟಿದ್ದಾರೆ, ಸುಳ್ಳು ಹೇಳಬಾರದು. ಆದ್ರೆ ಈ "ಬೇರೆ ಖಾತೆ" ಅನ್ನೋದಿದ್ಯಲ್ಲ, ನಮ್ಮ ಸಬರ್ಬ್‌ಗಳ ಇಡೀ ಸಂಸಾರ ನಡೀತಿರೋದೇ ಅದರ ಮೇಲೆ.

ಅಲೆನ್ ತಗೊಳಿ. ಡಲ್ಲಾಸ್ ಪಕ್ಕದ ಊರು, ಇರೋದು ಒಂದೇ ದೊಡ್ಡ ಪಬ್ಲಿಕ್ ಹೈಸ್ಕೂಲು. 2009ರಲ್ಲಿ ಊರಿನವರು 119 ಮಿಲಿಯನ್ ಡಾಲರ್ ಬಾಂಡ್‌ಗೆ, ಅಂದ್ರೆ ಸ್ಕೂಲ್‌ಗೆ ಅಂತ ಎತ್ತೋ ಸಾಲಕ್ಕೆ, ಓಟು ಹಾಕಿದ್ರು, ಅದರಲ್ಲಿ ಸುಮಾರು 60 ಮಿಲಿಯನ್ ಸುರಿದು 18,000 ಸೀಟಿನ ಸ್ಟೇಡಿಯಂ ಎದ್ದು ನಿಂತಿತು. ಹೈಸ್ಕೂಲ್ ಹುಡುಗರು ಫುಟ್‌ಬಾಲ್ ಆಡೋಕೆ! 2012ರಲ್ಲಿ ಓಪನ್ ಆಯ್ತು, 2014ರಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟಿದೆ ಅಂತ ಬೀಗ ಹಾಕಿದ್ರು. ಆ ಸೀಸನ್ ಪೂರ್ತಿ ಪಾಪ ಹುಡುಗರು ಕಂಡೋರ ಸ್ಟೇಡಿಯಂನಲ್ಲಿ ಆಡಿದ್ರು, ಆಡಿ ಒಂದೇ ಒಂದು ಮ್ಯಾಚ್ ಸೋಲದೆ ಸ್ಟೇಟ್ ಚಾಂಪಿಯನ್ ಆಗಿಬಿಟ್ರು. ಅಂದ್ರೆ ಗೆಲ್ಲೋಕೆ ಈ ಸ್ಟೇಡಿಯಂ ಬೇಕಾಗಿರಲಿಲ್ಲ ಅಂತ ಪ್ರೂವ್ ಮಾಡೋಕೆ 60 ಮಿಲಿಯನ್ ಖರ್ಚಾಯ್ತು. ಇರಲಿ ಬಿಡಿ, ಎಕ್ಸ್‌ಪೆರಿಮೆಂಟ್ ಅಂದ್ಮೇಲೆ ಖರ್ಚು ಇದ್ದಿದ್ದೇ. ಇದನ್ನೆಲ್ಲ ನೋಡಿ ಪಕ್ಕದ ಮಕಿನ್ನಿಯವರು ಬುದ್ಧಿ ಕಲಿತ್ರಾ? ಕಲಿತ್ರು. 70 ಮಿಲಿಯನ್ ಹತ್ತಿರ ಹಾಕಿ ತಾವೂ ಒಂದು ಕಟ್ಟಿದ್ರು, ಅದು 2018ರಲ್ಲಿ ಓಪನ್ ಆಗೋಕೆ ಮುಂಚೇನೇ ಬಿರುಕು ಬಿಡ್ತು. ಅಲೆನ್‌ಗೆ ಎರಡು ವರ್ಷ ಹಿಡಿದ ಕೆಲಸ ಇವರು ಅಡ್ವಾನ್ಸಾಗೇ ಮುಗಿಸಿದ್ರು.

ಆಮೇಲೆ ಅದೇ ಅಲೆನ್‌ನಲ್ಲಿ 2023ಕ್ಕೆ ಎರಡು ಎಲಿಮೆಂಟರಿ ಸ್ಕೂಲ್ ಮುಚ್ಚಿದ್ರು. ಪಕ್ಕದ ಪ್ಲೇನೋದಲ್ಲಿ 2024ರಲ್ಲಿ ನಾಲ್ಕು ಸ್ಕೂಲ್ ಮುಚ್ಚೋ ತೀರ್ಮಾನ ಆಯ್ತು. ಮಕ್ಕಳು ಕಮ್ಮಿಯಾದ್ರು, ಬಜೆಟ್ ಸಾಲ್ತಿಲ್ಲ. ಮತ್ತೆ ಸ್ಟೇಡಿಯಂಗೆ ಎಲ್ಲಿಂದ ಬಂತು ಸ್ವಾಮಿ ಅಂತ ಕೇಳಿ ನೋಡಿ, ಮೀಟಿಂಗಲ್ಲಿ ಇರೋರೆಲ್ಲ ನಿಮ್ಮನ್ನ ಕನಿಕರದಿಂದ ನೋಡ್ತಾರೆ. ಆ ದುಡ್ಡು ಬೇರೆ, ಈ ದುಡ್ಡು ಬೇರೆ. ಬಾಂಡ್ ದುಡ್ಡು ಕಟ್ಟಡಕ್ಕೆ, ಬಸ್ಸಿಗೆ. ಸಂಬಳಕ್ಕೆ ಅದನ್ನ ಮುಟ್ಟೋ ಹಾಗಿಲ್ಲ. ಕಾನೂನು ಹಾಗೇ ಇದೆ, ನಿಜವೇ. ಆದ್ರೆ ಬಾಂಡ್ ತೀರಿಸೋ ಟ್ಯಾಕ್ಸು, ಸಂಬಳದ ಟ್ಯಾಕ್ಸು, ಎರಡೂ ಬರೋದು ಒಂದೇ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಲ್ಲಿ, ಕಟ್ಟೋದು ನಾವು ಒಂದೇ ಜೇಬಿಂದ. ನಮಗೆ ಮಾತ್ರ ಎರಡು ಜೇಬು ಹೊಲಿಸ್ಕೊಳ್ಳೋ ಬುದ್ಧಿ ಬರಲಿಲ್ಲ.

ಸ್ಟೇಡಿಯಂ ಅಂದ್ಮೇಲೆ ಹೋಮ್‌ಕಮಿಂಗ್, ಅದೇ ಫುಟ್‌ಬಾಲ್ ಮ್ಯಾಚಿನ ಸುತ್ತ ನಡೆಯೋ ಸ್ಕೂಲ್ ಹಬ್ಬ, ಅದನ್ನ ಬಿಡೋಕಾಗುತ್ತಾ. ಹುಡುಗ ಹುಡುಗಿಗೆ ಒಂದು ಸೇವಂತಿಗೆ ಹೂ ಕೊಡೋದು ಇಲ್ಲಿನ ಹಳೇ ಪದ್ಧತಿ, ಮಮ್ ಅಂತಾರೆ. ಎಂಥಾ ಸರಳ ವಿಷ್ಯ ನೋಡಿ. ಈಗ ಏನಾಗಿದೆ ಅಂದ್ರೆ ಹೂವು ಬಟ್ಟೇದು, ಸೈಜು ಊಟದ ತಟ್ಟೆಯಷ್ಟು, ಅದೂ ಒಂದಲ್ಲ ಮೂರು ನಾಲ್ಕು, ಅದರ ಸುತ್ತ ಟೆಡ್ಡಿ ಬೇರ್, ಕೆಳಗೆ ಪಾದದವರೆಗೆ ರಿಬ್ಬನ್ನು, ರಿಬ್ಬನ್ನಿಗೆ ಗಂಟೆ, ಗಂಟೆ ಮಧ್ಯೆ ಮಿಣಮಿಣ ಲೈಟು, ಭಾರಕ್ಕೆ ಪಿನ್ ತಡೆಯಲ್ಲ ಅಂತ ಕುತ್ತಿಗೆಗೇ ತೂಗು ಹಾಕ್ತಾರೆ. ಆ ಹುಡುಗಿ ಕಾರಿಡಾರಲ್ಲಿ ನಡೆದು ಬಂದ್ರೆ ಊರಹಬ್ಬದ ತೇರು ತಿರುವಲ್ಲಿ ಬಂದ ಹಾಗೆ, ಮೊದಲು ಸದ್ದು, ಆಮೇಲೆ ದರ್ಶನ. ದೊಡ್ಡದಕ್ಕೆ ನೂರಾರು ಡಾಲರ್. ನಮ್ಮ ಅಮ್ಮಂದಿರಿಗೆ ಮೊದಲ ವರ್ಷ ಇದೇನ್ ಹುಚ್ಚು ಅನ್ಸುತ್ತೆ, ಎರಡನೇ ವರ್ಷ ಅವರೇ ಗ್ಲೂ ಗನ್ ಹಿಡ್ಕೊಂಡು ಕೂತಿರ್ತಾರೆ, ಮೂರನೇ ವರ್ಷ ವಾಟ್ಸಾಪ್ ಗ್ರೂಪಲ್ಲಿ ಆರ್ಡರ್ ತಗೊಳ್ತಿರ್ತಾರೆ.

ನನಗೆ ಮಮ್ ಮೇಲೆ ಕೋಪ ಇಲ್ಲ ಕಣ್ರೀ. ಇಡೀ ಹೈಸ್ಕೂಲಲ್ಲಿ ಕಾಲೇಜ್ ಅಪ್ಲಿಕೇಶನ್‌ಗೆ ಒಂದು ಚೂರೂ ಉಪಯೋಗಕ್ಕೆ ಬರದೇ ಇರೋ ಆಕ್ಟಿವಿಟಿ ಬಹುಶಃ ಅದೊಂದೇ. ಮಿಕ್ಕಿದ್ದೆಲ್ಲ ಫಾರ್ಮ್ ತುಂಬೋಕೆ. ಕಾಲೇಜುಗಳಿಗೆ ಅರ್ಜಿ ಹಾಕೋ ಕಾಮನ್ ಆಪ್‌ನಲ್ಲಿ ಆಕ್ಟಿವಿಟಿಗೆ 10 ಜಾಗ ಇದೆ, ಒಂದೊಂದನ್ನ ವಿವರಿಸೋಕೆ 150 ಅಕ್ಷರ. ಹತ್ತಿದೆ ಅಂದ್ಮೇಲೆ ಹತ್ತೂ ತುಂಬಲೇಬೇಕು, ಖಾಲಿ ಬಿಟ್ರೆ ನಮ್ಮ ಮನೆತನಕ್ಕೇ ಅವಮಾನ. ಹಾಗಾಗಿ ಒಂಬತ್ತನೇ ಕ್ಲಾಸಲ್ಲೇ ಕ್ಲಬ್ ಸ್ಥಾಪನೆ. ಎಐ ಕ್ಲಬ್, ಎಐ ಫಾರ್ ಗುಡ್ ಕ್ಲಬ್, ಅದರಿಂದ ಸಿಡಿದು ಹೋದ ಎಥಿಕಲ್ ಎಐ ಕ್ಲಬ್. ಫೌಂಡರ್ ಇದಾನೆ, ಪ್ರೆಸಿಡೆಂಟ್ ಇದಾನೆ, ಮೂರು ಜನ ವೈಸ್ ಪ್ರೆಸಿಡೆಂಟು, ಒಬ್ಬಳು ಔಟ್‌ರೀಚ್ ಡೈರೆಕ್ಟರು, ಮೆಂಬರ್ ಮಾತ್ರ ಒಬ್ಬನೂ ಇಲ್ಲ. ನಮ್ಮ ಸಂಘಗಳೇ ವಾಸಿ, ಒಡೆಯೋಕೆ ಮುಂಚೆ ಒಂದು ರಾಜ್ಯೋತ್ಸವನಾದ್ರೂ ಮಾಡಿರ್ತಾವೆ. ಟ್ರಾಂಬೋನ್ ಊದೋದು ಇಷ್ಟ ಅಂತ ಒಬ್ಬ ಹುಡುಗ ಹೇಳಿದ್ರೆ ಅಪ್ಪ ಕೇಳೋ ಮೊದಲ ಪ್ರಶ್ನೆ, "ಅದರಲ್ಲಿ ಲೀಡರ್‌ಶಿಪ್ ಸಿಗುತ್ತಾ?" 2019ರ ವಾರ್ಸಿಟಿ ಬ್ಲೂಸ್ ಅನ್ನೋ ಕಾಲೇಜ್ ಸೀಟಿನ ಲಂಚದ ಕೇಸಲ್ಲಿ ದೋಣಿ ಮುಟ್ಟದೇ ಇರೋ ಮಕ್ಕಳನ್ನ ರೋಯಿಂಗ್ ಪಟುಗಳು ಅಂತ ರೋಯಿಂಗ್ ಮಷಿನ್ ಮೇಲೆ ಕೂರಿಸಿ ಫೋಟೋ ತೆಗೆಸಿ ಕಾಲೇಜಿಗೆ ತೂರಿಸಿದ್ರಲ್ಲ, ಆಗ ನಾವೆಲ್ಲ ಛೀ ಥೂ ಅಂದ್ವಿ. ಅವರು ಪಾಪ ಒಂದು ದೋಣಿ ತೋರಿಸಿದ್ರು, ನಾವು ಹತ್ತು ಸಾಲು ಬಿಡದೆ ತುಂಬ್ತಾ ಇದೀವಿ.

ಈ ಕ್ಲಬ್ಬುಗಳಿಗೆಲ್ಲ ಒಬ್ಬ ಟೀಚರ್ ಸ್ಪಾನ್ಸರ್ ಆಗಿರಬೇಕು. ಅಂದ್ರೆ ಬೆಲ್ ಹೊಡೆದ ಮೇಲೂ ಕೂತಿರಬೇಕು, ಎಷ್ಟೋ ಸಲ ಪೋಸ್ಟರ್ ಪೇಪರ್, ಮಾರ್ಕರ್, ಪಿಜ್ಜಾ ಎಲ್ಲ ಸ್ವಂತ ದುಡ್ಡಲ್ಲೇ. ಇದು ಸರ್ಕಾರಕ್ಕೂ ಗೊತ್ತು, ಎಷ್ಟು ಚೆನ್ನಾಗಿ ಗೊತ್ತು ಅಂದ್ರೆ ಟ್ಯಾಕ್ಸ್ ಫಾರ್ಮಲ್ಲಿ ಟೀಚರ್‌ಗಳಿಗೇ ಅಂತ ಒಂದು ಡಿಡಕ್ಷನ್ ಇಟ್ಟಿದೆ, ಮೊದಲು 250 ಡಾಲರ್ ಇತ್ತು, 2022ರಲ್ಲಿ 300 ಮಾಡಿದ್ರು. ವಾಪಸ್ ಕೊಡಲ್ಲ ಮತ್ತೆ, ಅಷ್ಟು ದುಡ್ಡಿಗೆ ಬೀಳೋ ಟ್ಯಾಕ್ಸ್ ಬಿಡ್ತಾರೆ ಅಷ್ಟೇ. ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿ 2021ರ ಡಿಸೆಂಬರಲ್ಲಿ ಐಸ್ ಹಾಕಿ ಮ್ಯಾಚ್ ಮಧ್ಯೆ ಕಾರ್ಪೆಟ್ ಹಾಸಿ, 5,000 ಡಾಲರನ್ನ ಒಂದೊಂದು ಡಾಲರ್ ನೋಟಲ್ಲಿ ಸುರಿದು, ಹತ್ತು ಜನ ಟೀಚರ್‌ಗಳನ್ನ ಮಂಡಿ ಮೇಲೆ ಕೂರಿಸಿ ಕ್ಲಾಸಿಗೆ ಎಷ್ಟು ಬೇಕೋ ಬಾಚ್ಕೊಳಿ ಅಂದ್ರು. ಬಾಚಿ ಬಾಚಿ ಅಂಗಿಯೊಳಗೆ ತುರುಕ್ಕೊಂಡ್ರು ಅವರು. ಸುತ್ತ ಜನ ಚಪ್ಪಾಳೆ. ಆ ವಿಡಿಯೋ ನೋಡಿದೋರಿಗೆ ನಗು ಬಂದಿದ್ರೆ ನನಗೆ ಹೇಳೋಕೆ ಏನೂ ಇಲ್ಲ. ಆಮೇಲೆ ಕ್ಷಮೆ ಕೇಳಿದ್ರಂತೆ. ಯಾರಿಗೆ ಬೇಕು ರೀ ಕ್ಷಮೆ, ಮಾರ್ಕರ್ ಕೊಡ್ಸಿ.

ಇನ್ನು ಇದನ್ನೆಲ್ಲ ಓಟಲ್ಲಿ ಬದಲಾಯಿಸಬಹುದಲ್ಲ ಅಂತೀರ. ಎಚ್-1ಬಿ ವೀಸಾ ಮೇಲಿರೋರು ಟ್ಯಾಕ್ಸ್ ಮಾತ್ರ ಕಟ್ಟಬಹುದು, ಓಟಿಲ್ಲ. ಸಿಟಿಜನ್ ಆದೋರಿಗೆ ಓಟಿದೆ. ಬಾಂಡ್ ಎಲೆಕ್ಷನ್ ಎಷ್ಟೋ ಸಲ ಮೇ ತಿಂಗಳ ಮೊದಲ ಶನಿವಾರ ಇಡ್ತಾರೆ, ಯಾರಿಗೂ ನೆನಪಿರಬಾರದು ಅನ್ನೋ ಹಾಗೆ. ಹೋದ ಸಲ ಸಿಟಿಜನ್ ಆಗಿರೋ ಗೆಳೆಯನೊಬ್ಬನ್ನ ಓಟ್ ಹಾಕಿದ್ಯೇನಯ್ಯಾ ಅಂತ ಕೇಳ್ದೆ. ಇಲ್ಲ ಮಾರಾಯ, ಅವತ್ತು ಮಗನ ಕ್ಲಬ್ಬಿಂದು ಫಂಡ್‌ರೈಸರ್ ಇತ್ತು, ಬಿಸಿಲಲ್ಲಿ ನಿಂತು ಕಾರ್ ತೊಳೀತಿದ್ದೆ ಅಂದ.